ಕುಮುದಾ ಆಂಟಿಯ ಟರ್ಮ್ ಸುದ್ದಿ

ಪೆನ್ಸಿಲ್ ಕೆತ್ತಿದ ವಾಸನೆಗೆ ಇಂಗಿನ ಒಗ್ಗರಣೆಯ ವಾಸನೆ ಬೆರೆತರೆ ಸಾಕು, ನನಗೆ ಮತ್ತೆ ಒಂಬತ್ತು ವರ್ಷವಾಗುತ್ತದೆ. ಮೊನ್ನೆ ಇಟಾಸ್ಕಾದ ನಮ್ಮ ಅಡುಗೆಮನೆಯಲ್ಲಿ ಹಾಗೇ ಆಯಿತು. ಶಾಲೆ ಶುರುವಾಗುವ ಸಡಗರದಲ್ಲಿ ಮಗಳು ಡಜನ್ ಪೆನ್ಸಿಲ್ ಹರಡಿಕೊಂಡು ಕೆತ್ತುತ್ತಿದ್ದಳು, ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಸೌಟು ಕೈಯಲ್ಲಿರುವಾಗಲೇ ಮನಸ್ಸು ಮಿಶಿಗನ್ನಿನ ಫಾರ್ಮಿಂಗ್ಟನ್ ಹಿಲ್ಸ್‌ನ ಒಂದು ಮನೆಗೆ ಓಡಿ, ಬೂಟು ಬಿಚ್ಚಿಟ್ಟು, ಬೇಸ್‌ಮೆಂಟಿನ ಮೆಟ್ಟಿಲಿಳಿಯಿತು. ನಿಮಗೂ ಅಂಥದ್ದೊಂದು ಮನೆ ಇದ್ದಿರಬೇಕು, ಈಗ ಅಲ್ಲಿ ಬೇರೆ ಯಾರೋ ದೀಪ ಹಚ್ಚುತ್ತಿರಬೇಕು.

ಅದು ಕುಮುದಾ ಆಂಟಿಯ ಮನೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಲ್ಲಿ ಹನ್ನೊಂದು ಮಕ್ಕಳ ಕನ್ನಡ ಶಾಲೆ ನಡೆಯುತ್ತಿತ್ತು. ಮೈಸೂರಿನವರಾದ ಆಂಟಿ, ಗಂಡ ಶ್ರೀಪಾದ ಅಂಕಲ್ ಸ್ಕಾಟ್ಲೆಂಡಿನಲ್ಲಿ ಡಾಕ್ಟರಾಗಿದ್ದಷ್ಟು ಕಾಲ ಅಲ್ಲಿನ ಪ್ರೈಮರಿ ಶಾಲೆಯೊಂದರಲ್ಲಿ ಟೀಚರ್ ಆಗಿದ್ದರು. ಮಿಶಿಗನ್ನಿಗೆ ಬರುವಾಗ ಆ ಶಾಲೆಯನ್ನು ಅನಾಮತ್ತಾಗಿ ಎತ್ತಿ ತಂದು ತಮ್ಮ ಬೇಸ್‌ಮೆಂಟಿನಲ್ಲಿ ಇಳಿಸಿಬಿಟ್ಟಿದ್ದರು. ಊರೆಲ್ಲ ಸೆಮಿಸ್ಟರ್ ಅಂದರೆ ಅವರ ಬಾಯಲ್ಲಿ ಟರ್ಮ್. ಸೆಪ್ಟೆಂಬರ್ ಟರ್ಮ್ ಬಂತೆಂದರೆ ಪುಟ್ಟ ಕಿಟಕಿಯ ಕೆಳಗಿನ ಮೇಜಿನ ಮೇಲೆ ನಾವು ಹೆಕ್ಕಿ ತಂದ ಮೇಪಲ್ ಎಲೆ, ಪೈನ್ ಕಾಯಿ, ಹಕ್ಕಿಯ ಗರಿಗಳ ಪ್ರದರ್ಶನ. ಕಾಡು ಚೆಸ್ಟ್‌ನಟ್ ಬೀಜಕ್ಕೆ ತೂತು ಕೊರೆದು, ದಾರ ಪೋಣಿಸಿ, ಒಬ್ಬರ ಬೀಜಕ್ಕೆ ಇನ್ನೊಬ್ಬರು ಬೀಸಿ ಹೊಡೆದು ಒಡೆಯುವ ಸ್ಕಾಟ್ಲೆಂಡಿನ ಆಟವನ್ನು ನಾವು ಕನ್ನಡದಲ್ಲಿ ಜಗಳವಾಡುತ್ತ ಆಡಬೇಕಿತ್ತು. ತರಗತಿಯಲ್ಲಿ ಎರಡು ಪಂಗಡ, ತುಂಗಾ ಮತ್ತು ಭದ್ರಾ. ಗೆದ್ದ ಪಂಗಡಕ್ಕೆ ಕೋಡುಬಳೆ. ಸೋತವರಿಗೂ ಕೋಡುಬಳೆಯೇ, ಎರಡು ನಿಮಿಷ ತಡವಾಗಿ.

ಎಲ್ಲಕ್ಕಿಂತ ದೊಡ್ಡ ಕಾರ್ಯಕ್ರಮ ಟರ್ಮಿನ ಮೊದಲ ಭಾನುವಾರದ ಸುದ್ದಿ. ಪ್ರತಿಯೊಬ್ಬರೂ ಎದ್ದು ನಿಂತು ಮನೆಯ ಒಂದು ಸುದ್ದಿಯನ್ನು ಕನ್ನಡದಲ್ಲಿ ಹೇಳಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವ ಹಾಗಿಲ್ಲ. ಆಂಟಿ ಅದನ್ನು ಮುತ್ತಿನಂಥ ಅಕ್ಷರದಲ್ಲಿ ಒಂದು ಹಾಳೆಯಲ್ಲಿ ಬರೆಯುತ್ತಿದ್ದರು, ಅಂಕಲ್ ಹನ್ನೊಂದು ಕಾಪಿ ತೆಗೆಯುತ್ತಿದ್ದರು, ಮಧ್ಯಾಹ್ನದ ಹೊತ್ತಿಗೆ ಅದು ಹನ್ನೊಂದು ಮನೆ ತಲುಪುತ್ತಿತ್ತು. ಅಪ್ಪ ಅಮ್ಮಂದಿರು ಅದನ್ನು ಓದುತ್ತಿದ್ದ ಶ್ರದ್ಧೆಯೇ ಶ್ರದ್ಧೆ! ಯಾರ ಅಪ್ಪನಿಗೆ ಸ್ಪೀಡಿಂಗ್ ಟಿಕೆಟ್ ಬಂತು, ಯಾರ ಅಮ್ಮ, ಎಲ್ಲರೂ ಮನೆಯಲ್ಲೇ ಅಡುಗೆ ಮಾಡಿ ತರುವ ಪಾಟ್‌ಲಕ್ಕಿಗೆ ತಂದ ಹೋಳಿಗೆ ಅಂಗಡಿಯದ್ದು, ಎಲ್ಲ ಅದರಲ್ಲಿ ಬಯಲಾಗುತ್ತಿತ್ತು. ಹಾಗಾಗಿ ಆ ಭಾನುವಾರ ಎಲ್ಲ ಕಾರುಗಳಲ್ಲೂ ದಾರಿಯುದ್ದಕ್ಕೂ ಪಾಠ: ಇದನ್ನು ಹೇಳು, ಅದನ್ನು ಹೇಳಬೇಡ.

ನನಗೆ ಒಂಬತ್ತಾದ ವರ್ಷ ಅಪ್ಪನಿಗೆ ಬೇರೆ ರಾಜ್ಯದ ಇಟಾಸ್ಕಾದಲ್ಲಿ ಹೊಸ ಕೆಲಸ ಬಾಯಿಮಾತಿನಲ್ಲಿ ಖಚಿತವಾಗಿತ್ತು, ನೇಮಕದ ಕಾಗದ ಇನ್ನೂ ಬಂದಿರಲಿಲ್ಲ. ಅಪ್ಪನ ವೀಸಾ ಕೆಲಸವನ್ನೇ ನೆಚ್ಚಿಕೊಂಡಿತ್ತು. ಕಾಗದ ಬರುವ ಮೊದಲೇ ಅಪ್ಪ ಕೆಲಸ ಮಾಡುತ್ತಿದ್ದ ಲಿವೋನಿಯಾದ ಆಫೀಸಿಗೆ ವಿಷಯ ಗೊತ್ತಾದರೆ ಇದೂ ಇಲ್ಲ, ಅದೂ ಇಲ್ಲ ಎಂದಾಗಬಹುದು ಎಂಬುದು ಮನೆಯವರ ಭಯ. ಆ ಆಫೀಸಿನಲ್ಲಿ ಅಪ್ಪನ ಮೇಲಿನವರ ಮಗ ಅಭಯ್ ನಮ್ಮ ಕನ್ನಡ ತರಗತಿಯಲ್ಲೇ, ನನ್ನ ಭದ್ರಾ ಪಂಗಡದಲ್ಲೇ ಇದ್ದ. ಧಾರವಾಡದ ನನ್ನ ಅಮ್ಮ ಕಾರಿನಿಂದ ಇಳಿಸುವಾಗಲೂ ಗಲ್ಲ ಹಿಡಿದು ಹೇಳಿದಳು: "ಮೇಧಾ, ಯಾರ ಮುಂದೂ ಬಾಯಿ ಬಿಡಬ್ಯಾಡವ್ವಾ. ನಮ್ಮ ಮನಿ ಟೊಮೇಟೊ ಗಿಡ ಕಾಯಿ ಬಿಟ್ಟಾವು ಅಂತ ಹೇಳು, ಸಾಕು."

ನನಗಿಂತ ಮುಂಚೆ ಎದ್ದ ಅನಘಾ, ಅವರ ಮನೆಯಲ್ಲಿ ಟೊಮೇಟೊ ಕಾಯಿ ಬಿಟ್ಟಿದೆ ಅಂದಳು. ನನ್ನ ಸುದ್ದಿ ಹೋಯಿತು. ಎದ್ದು ನಿಂತೆ. ರಾತ್ರಿಯೆಲ್ಲ ದಿಂಬಿಗೆ ಮುಖವೊತ್ತಿ ನನಗೆ ನಾನೇ ಹೇಳಿಕೊಂಡಿದ್ದ ಮಾತು ಬಿಟ್ಟರೆ ಬೇರೆ ಯಾವ ಕನ್ನಡವೂ ಬಾಯಿಗೆ ಬರಲಿಲ್ಲ. "ನಾವು ಇಟಾಸ್ಕಾಗೆ ಹೋಗ್ತೀವಿ. ಅಪ್ಪಂಗೆ ಹೊಸ ಕೆಲಸ ಸಿಕ್ಕಿದೆ. ನಂಗೆ ಹೋಗಕ್ಕೆ ಇಷ್ಟ ಇಲ್ಲ." ಒಂದೂ ತಪ್ಪಿಲ್ಲದ ಮೂರು ವಾಕ್ಯ! ಆಂಟಿ ಅಭ್ಯಾಸಬಲದಿಂದ "ಶಭಾಷ್" ಅಂದೇಬಿಟ್ಟರು. ಆಮೇಲೆ ಅಭಯ್‌ನ ಕಡೆ ನೋಡಿದರು, ನನ್ನ ಕಡೆ ನೋಡಿದರು. ನಾನಾಗಲೇ ಅಳುತ್ತಿದ್ದೆ.

ಆಂಟಿ ಪೆನ್ನಿನ ಕ್ಯಾಪ್ ಹಾಕಿದರು. "ನೋಡ್ರಪ್ಪಾ, ಕೆಲವು ಸುದ್ದಿ ಪೇಪರ್‌ಗೆ, ಕೆಲವು ಸುದ್ದಿ ಕ್ಲಾಸಿಗೆ. ಇದು ಕ್ಲಾಸಿಂದು. ಮೆಟ್ಟಿಲು ಹತ್ತೋ ಹಾಗಿಲ್ಲ. ಆಯ್ತಾ?"

"ನಾಟ್ ಈವನ್ ಡ್ಯಾಡ್?" ಅಂದ ಅಭಯ್.

"ಡ್ಯಾಡ್‌ಗಂತೂ ಬೇಡವೇ ಬೇಡ ಕಣೋ."

ಅವನು "ಓಕೆ. ಬಟ್ ದೆನ್ ತುಂಗಾ ವಿಲ್ ವಿನ್ ಎವ್ರಿಥಿಂಗ್," ಅಂದ. ನಾನು ಹೋದರೆ ಭದ್ರಾ ಸೋಲುತ್ತದಲ್ಲ, ಅವನ ದುಃಖ ಅದು. ಅವತ್ತಿನ ಹಾಳೆಯಲ್ಲಿ ಆಂಟಿ ತಮ್ಮ ನಿಯಮವನ್ನು ತಾವೇ ಮುರಿದು ಬರೆದರು: ಮೇಧಾಳ ಮನೆಯಲ್ಲೂ ಟೊಮೇಟೊ ಕಾಯಿ ಬಿಟ್ಟಿದೆ.

ಮೂರು ವಾರ ನನಗೆ ಊಟ ಸೇರಲಿಲ್ಲ. ಫೋನ್ ರಿಂಗಾದರೆ ಸಾಕು, ಬಾತ್‌ರೂಮಿಗೆ ಓಡುತ್ತಿದ್ದೆ. ಹೋಳಿಗೆಯ ಗುಟ್ಟನ್ನೇ ಉಳಿಸಿಕೊಳ್ಳಲಾಗದ ಆ ಹತ್ತು ಬಾಯಿಗಳನ್ನು ನಂಬುವುದು ಹೇಗೆ? ಆದರೆ ಒಂದು ಬಾಯಿಯೂ ಸಡಿಲವಾಗಲಿಲ್ಲ. ಕಾಗದ ಬಂತು. ಅಪ್ಪ ಆಫೀಸಿನಲ್ಲಿ ಹೇಳಿದರು. ಅಭಯ್‌ನ ಅಪ್ಪ ಮನೆಗೆ ಹೋಗಿ ದೊಡ್ಡ ಸುದ್ದಿಯೆಂಬಂತೆ ಹೇಳಿದರೆ, ಮಗ ಆಟದಿಂದ ತಲೆ ಎತ್ತದೆ "ಐ ನೋ" ಅಂದನಂತೆ. ಅದು ಸುತ್ತಿ ಬಳಸಿ ನಮ್ಮ ಮನೆ ತಲುಪಿದಾಗ ಅಮ್ಮ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, "ಎಲ್ಲಾರ ಮುಂದ ಹೇಳಿದ್ಯಾ?" ಅಂದಳು. ನಾನು ತಲೆಯಾಡಿಸಿದೆ. ಅವಳು ಸೋಫಾದ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅಷ್ಟು ನಕ್ಕ ಅಮ್ಮನನ್ನು ನಾನು ಆಮೇಲೆ ನೋಡಿದ್ದು ಕಡಿಮೆ.

ಡಿಸೆಂಬರಿನ ಕೊನೆಯ ತರಗತಿಯ ದಿನ ಆಂಟಿ ಹಾಜರಿ ಪುಸ್ತಕ ಮುಚ್ಚುವಾಗ ಪಕ್ಕದಲ್ಲಿ ಹೋಗಿ ನಿಂತೆ. "ನನ್ನ ಹೆಸರು ಹೊಡೆದು ಹಾಕ್ತೀರಾ ಆಂಟಿ?"

"ಯಾಕೆ ಹೊಡೀಲಿ? ಕೋರ್ಸ್ ಎಲ್ಲಿ ಮುಗಿಸಿದ್ದೀಯ ನೀನು? ನೀನು ಆಬ್ಸೆಂಟ್, ಅಷ್ಟೇ."

ಅಳುವ ಮಗುವಿಗೆ ಹೇಳುವ ಸಮಾಧಾನ ಅಂದುಕೊಂಡೆ. ಹೊಸ ಊರು, ಹೊಸ ಶಾಲೆ, ಹೊಸ ಗೆಳತಿಯರು. ಮುನ್ನೂರು ಮೈಲಿ ದೂರದ ಆ ಬೇಸ್‌ಮೆಂಟಿಗೆ ನಾನು ಮತ್ತೆ ಹೋದದ್ದು ಎರಡೇ ಸಲ. ಹೋಗಬಹುದಿತ್ತು, ಹೋಗಲಿಲ್ಲ. ಕಳೆದ ವರ್ಷ ಆಂಟಿ ತೀರಿಕೊಂಡರು. ಅಂಕಲ್ ಮನೆ ಮಾರಿ ಮಗಳ ಊರಿಗೆ ಹೊರಡುವ ಮುಂಚೆ ಹಾಜರಿ ಪುಸ್ತಕಗಳನ್ನೆಲ್ಲ ಒಂದು ಡಬ್ಬದಲ್ಲಿ ತುಂಬಿ ನನ್ನ ವಿಳಾಸಕ್ಕೆ ಕಳಿಸಿದರು. ಯಾಕೆ ನನಗೆ ಎಂದು ಮೊದಲು ತಿಳಿಯಲಿಲ್ಲ.

ನೆಲದ ಮೇಲೆ ಕೂತು ಒಂದೊಂದೇ ಬಿಡಿಸಿದೆ. ಅನಘಾ, ಅಭಯ್, ಎಲ್ಲರ ಹೆಸರಿನ ಮುಂದೆ ಒಂದಲ್ಲ ಒಂದು ವರ್ಷ "ಮುಗಿಸಿದರು" ಎಂದು ಬರೆದಿತ್ತು. ಮುಂದಿನ ಪುಸ್ತಕದಲ್ಲಿ ಆ ಹೆಸರು ಇರುತ್ತಿರಲಿಲ್ಲ. ನನ್ನ ಹೆಸರು ಮಾತ್ರ, ನಾವು ಊರು ಬಿಟ್ಟ ಮೇಲೂ, ಪ್ರತಿ ಟರ್ಮಿನಲ್ಲೂ ಹೊಸದಾಗಿ, ಅದೇ ಮುತ್ತಿನ ಅಕ್ಷರದಲ್ಲಿ, ಭಾನುವಾರದ ಮೇಲೆ ಭಾನುವಾರ ಗೈರುಹಾಜರಿಯಾಗುತ್ತ ಬಂದಿತ್ತು. ಎರಡು ಕಡೆ ಹಾಜರಿ ಇತ್ತು, ಅದಕ್ಕೆ ಕೆಂಪು ಶಾಯಿ. ಆಂಟಿ ಶಾಲೆ ನಿಲ್ಲಿಸಿದ ಕೊನೆಯ ಟರ್ಮಿನ ಪುಸ್ತಕದಲ್ಲಿ ನಾಲ್ಕೇ ಹೆಸರು. ಮೂವರು ನಾನು ಕಂಡೇ ಇರದ ಆರೇಳು ವರ್ಷದ ಮಕ್ಕಳು. ನಾಲ್ಕನೆಯವಳು ನಾನು. ನನಗೆ ಆಗ ಇಪ್ಪತ್ತಾರು ವರ್ಷ.