ಮುತ್ಯಾ ತಂದ ಭುಜಪಟ್ಟಿ

ಆ ಪಟ್ಟಿ ಕೆಂಪಗಿತ್ತೆಂದೇ ನಾನು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಮಣ್ಣಿನ ಬಣ್ಣದ್ದು ಎಂದು ನನ್ನ ತಂಗಿ ಈಗಲೂ ವಾದಿಸುತ್ತಾಳೆ. ಬಹುಶಃ ಇಬ್ಬರದೂ ನಿಜ: ಒಂದು ಮಗ್ಗುಲು ಕೆಂಪು, ಇನ್ನೊಂದು ಮಣ್ಣು. ಗೇಣುದ್ದದ ಉಣ್ಣೆಬಟ್ಟೆ, ತುದಿಯಲ್ಲಿ ಗುಂಡಿಯ ಕಾಜು, ಮೇಲೆ ಹಳದಿ ಬಣ್ಣದಲ್ಲಿ ಒತ್ತಿದ ಒಂದು ಅಂಕಿ. ಅದು ಇಂಗ್ಲಿಷಿನ ಎಂಟು. ಕನ್ನಡ ಅಂಕಿಗಳನ್ನಷ್ಟೇ ಕಲಿತಿದ್ದ ಅಪ್ಪ ಅದನ್ನು ನಾಲ್ಕು ಎಂದು ಓದುತ್ತಿದ್ದ. ಹೀಗಾಗಿ ಹೊರ್ತಿಯ ನಮ್ಮ ಮನೆಯಲ್ಲಿ ಅದಕ್ಕೆ 'ನಾಕನೇ ಪಲ್ಟನ್' ಎಂದೇ ಹೆಸರು.

ಅದು ಆಯಿಯ, ಎಂದರೆ ನನ್ನ ಅಪ್ಪನ ತಾಯಿಯ, ಮೊದಲ ಗಂಡನ ಗುರುತು. ಮೊದಲ ಮಹಾಯುದ್ಧದಲ್ಲಿ ಆತ ಸಿಪಾಯಿಯಾಗಿ ಬಸ್ರಾದ ಕಡೆ ಹೋದ. ತಿರುಗಿ ಬಂದವನು ಅವನಲ್ಲ, ಜೊತೆಗೆ ಹೋಗಿದ್ದ ಗೆಳೆಯ. ಗೆಳೆಯ ಈ ಪಟ್ಟಿಯನ್ನು ಆಯಿಯ ಮುಂದಿಟ್ಟು, ಸತ್ತವನ ಭುಜದಿಂದ ಬಿಚ್ಚಿ ತಂದೆ ಎಂದನಂತೆ. ಸರಕಾರದಿಂದ ಬೇರೆ ಸುದ್ದಿ ಬರಲಿಲ್ಲ ಎನ್ನುತ್ತಿದ್ದರು. ಬಂದದ್ದನ್ನು ಮರೆತಿದ್ದರೂ ಮರೆತಿರಬಹುದು. ಪಟ್ಟಿಯನ್ನು ನೋಡಿ ಅವಳ ಬಳೆ ಒಡೆದರು. ಮುಂದೆ ಹಿರಿಯರೇ ಕೂತು ಆ ಗೆಳೆಯನೊಂದಿಗೆ ಅವಳಿಗೆ ಉಡಿಕಿ ಮಾಡಿಸಿದರು. ನಮ್ಮಲ್ಲಿ ವಿಧವೆಯ ಮರುಮದುವೆಗೆ ಆ ಹೆಸರು. ಆ ಗೆಳೆಯನೇ ನನ್ನ ಮುತ್ಯಾ, ಅಪ್ಪನ ಅಪ್ಪ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದೆ. ಮುತ್ಯಾ ತೀರಿಕೊಂಡಿದ್ದ. ರಜೆಗೆ ಬಂದಾಗ ಆಯಿ ಪಟ್ಟಿಯನ್ನು ನನ್ನ ಕೈಗಿಟ್ಟಳು.

"ತಮ್ಮಾ, ಈ ಪಲ್ಟನ್ ಎಲ್ಲಿ ಕಾದಿತ್ತು ತಿಳಕೊಂಡು ಬಾ. ಅವನ ಮಣ್ಣು ಯಾವ ಊರಾಗ ಆತು ಅಂತ ಸಾಯೂದ್ರೊಳಗ ಒಮ್ಮೆ ಕೇಳಬೇಕು. ನಿಮ್ಮ ಮುತ್ಯಾ ಇರೂತನಕ ಕೇಳಾಕ ಬಾಯಿ ಬರಲಿಲ್ಲ."

"ಅಷ್ಟ ಏನು, ಆಯಿ? ನೋಡ್ಕೊಂಡು ಬರ್ತೇನಿ ಬಿಡು."

ಗ್ರಂಥಾಲಯದಲ್ಲಿ ಹುಡುಕಿದೆ. ನಮ್ಮ ಸಿಪಾಯಿಗಳ ಭುಜದ ಮೇಲೆ ಪಲ್ಟನ್ನಿನ ಗುರುತು ಹಿತ್ತಾಳೆಯದು, ಬಣ್ಣದಲ್ಲಿ ಒತ್ತಿದ್ದಲ್ಲ. ಅಲ್ಲಿಗೇ ಅನುಮಾನ ಹತ್ತಿತು. ಆಗ ರಶಿಯಾದಿಂದ ಬಣ್ಣದ ಚಿತ್ರಗಳ ಪುಸ್ತಕಗಳು ಬರುತ್ತಿದ್ದವು. ಅಂಥದೊಂದರಲ್ಲಿ ಚಕ್ರವರ್ತಿಯ ಕಾಲದ ಕಾಲ್ದಳದವರು ಸಾಲಾಗಿ ನಿಂತಿದ್ದರು. ಕೆಲವರ ಭುಜಪಟ್ಟಿ ಕೆಂಪು, ಕೆಲವರದು ನೀಲಿ. ಮೇಲೆ ಹಳದಿಯಲ್ಲಿ ಅವರ ರೆಜಿಮೆಂಟಿನ ಅಂಕಿ. ಯುದ್ಧಕ್ಕೆ ಹೊರಟಾಗ ಪಟ್ಟಿಯನ್ನು ತಿರುವಿ ಮಣ್ಣಿನ ಬಣ್ಣದ ಮಗ್ಗುಲನ್ನು ಮೇಲೆ ಮಾಡುತ್ತಿದ್ದರಂತೆ. ಆಯಿಯ ಪಟ್ಟಿಯನ್ನು ಚಿತ್ರದ ಪಕ್ಕಕ್ಕಿಟ್ಟೆ. ಅಂಚಿನಲ್ಲಿ ಮಾಸಿದ ಶಾಯಿಯ ಮುದ್ರೆಯೊಂದಿತ್ತು. ಅದರೊಳಗೆ ತಿರುವಿ ಬರೆದ ಇಂಗ್ಲಿಷ್ 'ಆರ್'ನಂಥ ಅಕ್ಷರ. ಅದೇ ಅಕ್ಷರ ಪುಸ್ತಕದ ರಕ್ಷಾಪುಟದ ಮೇಲಿನ ರಶಿಯನ್ ಹೆಸರಿನಲ್ಲೂ ಇತ್ತು.

ನಾನು ಚಪ್ಪಲಿಯನ್ನು ಗ್ರಂಥಾಲಯದ ಬಾಗಿಲಲ್ಲೇ ಬಿಟ್ಟು ಬಂದದ್ದು ಹಾಸ್ಟೆಲ್ ಮುಟ್ಟಿದ ಮೇಲೆ ಗೊತ್ತಾಯಿತು.

ಆ ಯುದ್ಧದಲ್ಲಿ ರಶಿಯಾದ ದಂಡು ಬಸ್ರಾದ ಮಗ್ಗುಲಿನ ಇರಾನಿನವರೆಗೆ ಬಂದಿತ್ತು. ಕ್ರಾಂತಿಯಾದಾಗ ಸಿಪಾಯಿಗಳೇ ಭುಜಪಟ್ಟಿ ಕಿತ್ತೆಸೆದರೆಂದು ಆಮೇಲೆ ಓದಿದೆ. ದಾರಿಯಲ್ಲಿ ಬಿದ್ದದ್ದನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದಿತ್ತು.

ಮತ್ತೆ ಊರಿಗೆ ಬಂದಾಗ ಮರುದಿನವೇ ಮಹಾನವಮಿ ಅಮಾವಾಸ್ಯೆ. ಆಯಿ ಹೋಳಿಗೆಗೆ ಬೇಳೆ ಹಸನು ಮಾಡುತ್ತಿದ್ದಳು.

"ಆಯಿ, ಇದು ನಮ್ಮ ಪಲ್ಟನ್‌ದಲ್ಲ. ರಶಿಯಾದ ಸಿಪಾಯಿದು. ನಾಕೂ ಅಲ್ಲ, ಎಂಟು."

"ಅವ ರಶಿಯಾಕ್ಕ ಯಾವಾಗ ಹೋದ?"

"ಹೋಗಿಲ್ಲ. ಇದು ಅವನ ಭುಜದ ಮ್ಯಾಲಿಂದಲ್ಲ."

ಮೊರದ ಮೇಲೆ ಅವಳ ಕೈ ನಿಂತಿತು. "ಹಂಗಾದ್ರ ಅವ ಸತ್ತದ್ದು?"

ಒಳಗಿನಿಂದ ಅಪ್ಪ ಬಂದ. "ಇದನ್ನ ಕಲಿಯಾಕ ನಿನ್ನ ಧಾರವಾಡಕ್ಕ ಕಳಿಸಿದ್ನೇನು? ಅವ್ವನ ಉಡಿಕಿ ಸುಳ್ಳಾದ್ರ ನಾ ಎಂಥಾ ಮಗ, ನೀ ಎಂಥಾ ಮೊಮ್ಮಗ? ಅದನ್ನೂ ಪುಸ್ತಕದಾಗ ನೋಡ್ಕೊಂಡು ಬಾ ಹೋಗು."

"ಸತ್ತವನ ಕಿಸೆದಾಗ ಇದ್ದಿರಬೇಕು," ಎಂದೆ. "ಮುತ್ಯಾ ಅದನ್ನ ಅವಂದ ಅನ್ಕೊಂಡು..."

"ಭುಜದಿಂದ ಬಿಚ್ಚಿದೆ ಅಂದಿದ್ದ," ಎಂದಳು ಆಯಿ. "ನೀ ನಿಮ್ಮ ಮುತ್ಯಾನ ವಕೀಲ ಆಗಬ್ಯಾಡ."

ಮರುದಿನ ಹಿರಿಯರಿಗೆ ಎಡೆ ಇಡುವಾಗ ನನ್ನ ಅವ್ವ ಪ್ರತಿವರ್ಷದಂತೆ ಎರಡು ತಾಟು ತಂದಳು, ಮೊದಲಿನವನಿಗೊಂದು, ಮುತ್ಯಾನಿಗೊಂದು. ಆಯಿ ಒಂದನ್ನು ಎತ್ತಿ ಹಿಂದಕ್ಕೆ ಸರಿಸಿದಳು. ಸರಿಸಿದ್ದು ಮುತ್ಯಾನದೇ ಎಂದು ನಾವೆಲ್ಲ ತಿಳಿದೆವು. ಅಪ್ಪ ಮುಂದೆ ಬಂದು ಕೇಳಿದ.

"ಯಾರ್ದು ತಗದಿ, ಅವ್ವಾ?"

"ನಿಮ್ಮಪ್ಪಗ ಇಡ್ರಿ. ಸುಳ್ಳ ಹೇಳಿದ್ರೂ ಅವ ಸತ್ತದ್ದು ಖರೆ ಐತಿ, ನಾನ ಕಂಡೇನಿ. ಇನ್ನೊಬ್ಬವ ಬಂದ್ರ ಬಿಸೀದು ನೀಡೂಣಂತ."

ಈ ಕೊನೆಯ ಮಾತನ್ನು ಅವಳು ನಿಜಕ್ಕೂ ಅಂದಳೇ? ತಾನು ಕೇಳಿಲ್ಲವೆಂದು ಅಪ್ಪ ಸಾಯುವವರೆಗೆ ಹೇಳುತ್ತಿದ್ದ. ನಾನೇ ಸೇರಿಸಿಕೊಂಡಿರಲೂಬಹುದು. ಆದರೆ ಅವ್ವ ಎರಡು ಹೋಳಿಗೆಗಳನ್ನು ಬೇರೆ ತೆಗೆದು, ಒಲೆಯ ಮಗ್ಗುಲಿಗೆ ಮುಚ್ಚಿಟ್ಟದ್ದನ್ನು ನಾನು ಕಂಡಿದ್ದೇನೆ.