ಉಣ್ಣಿಯ ತವರುಮನೆ

ಮಳೆ ಬಿದ್ದು ಹುಲ್ಲು ಚಿಗುರಿತೆಂದರೆ ತೇರದಾಳದ ಅಕ್ಕವ್ವನ ಕೈಗೆ ಪುರಸೊತ್ತು ಇರುತ್ತಿರಲಿಲ್ಲ. ಬೆಳಗಾದರೆ ಎಮ್ಮೆಯ ಕಿವಿ ಮಡಚಿ ನೋಡಬೇಕು, ಬಾಲ ಎತ್ತಿ ನೋಡಬೇಕು, ಕೆಚ್ಚಲ ಸಂದಿಯಲ್ಲಿ ಬೆರಳಾಡಿಸಬೇಕು. ರಕ್ತ ಕುಡಿದು ಉಬ್ಬಿದ ಉಣ್ಣಿ ಸಿಕ್ಕಿತೋ, ಚಿಮುಟವನ್ನು ಚರ್ಮಕ್ಕೆ ಹತ್ತಿಸಿ ಹಿಡಿದು, ಅವಸರ ಮಾಡದೆ, ಅದರ ಬಾಯಿ ಒಳಗೇ ಮುರಿಯದ ಹಾಗೆ ನೆಟ್ಟಗೆ ಎಳೆಯುವಳು. ಆ ಕೈ ಎಷ್ಟು ಹಗುರವೆಂದರೆ ಎಮ್ಮೆ ಮೆಲುಕು ಹಾಕುವುದನ್ನೂ ನಿಲ್ಲಿಸುತ್ತಿರಲಿಲ್ಲ.

ಆದರೆ ಕಿತ್ತದ್ದನ್ನು ಕೊಲ್ಲುವವಳಲ್ಲ. ಜೈನರ ಮನೆಯಾಕೆ. ಅದರಲ್ಲೂ ಚಾತುರ್ಮಾಸದಲ್ಲಿ, ತಿಳಿದು ತಿಳಿದು ಒಂದು ಜೀವ ತೆಗೆಯುವುದಿಲ್ಲವೆಂದು ಬಸದಿಯಲ್ಲಿ ಮುನಿಗಳ ಮುಂದೆ ನೇಮ ಹಿಡಿದವಳು. ಉಣ್ಣಿಗಳನ್ನು ತೆಂಗಿನ ಚಿಪ್ಪಿನಲ್ಲಿ ಕೂಡಿಸಿ, ಹಿತ್ತಿಲ ಬೇಲಿಯ ಬುಡಕ್ಕೆ ಒಯ್ದು, ಬದುಕಿಕೊಳ್ಳಿ ಹೋಗಿ ಎಂದು ಬಿಟ್ಟು ಬರುವಳು.

ಬೇಲಿಯ ಆಚೆ ಬೋರವ್ವನ ದನದ ಮನೆ. ಇಬ್ಬರೂ ಸೊಸೆಯರಾಗಿ ಬಂದ ಕಾಲದಿಂದ ಗೆಳತಿಯರು. ಗಂಡನಿಲ್ಲದ ಬೋರವ್ವನ ಸಂಸಾರ ನಡೆಯುತ್ತಿದ್ದುದು ಒಂದು ಜರ್ಸಿ ಆಕಳ ಹಾಲಿನ ಮೇಲೆ. ಈ ಮಳೆಗಾಲ ಆ ಆಕಳು ಮೇವು ಬಿಟ್ಟಿತು. ಮೈ ಸುಡುತ್ತಿತ್ತು, ಕೊರಳ ಬುಡದಲ್ಲಿ ಗಂಟು ಬಾತಿತ್ತು. ರಬಕವಿಯಿಂದ ಬಂದ ದನದ ಡಾಕ್ಟರು ಸೂಜಿ ಮಾಡಿ, ಗೋಡೆಯ ಬಿರುಕಿಗೆ ಮೊಬೈಲಿನ ಬೆಳಕು ಹಿಡಿದರು.

"ಉಣ್ಣಿ ಜ್ವರ ಐತ್ರಿ ಇದು. ನೋಡ್ರಿಲ್ಲೆ, ಗೋಡಿ ತುಂಬ ತತ್ತಿ. ಕುಡದು ಉಬ್ಬಿದ ಉಣ್ಣಿ ಅಂದ್ರ ಬಸರಿ ಇದ್ದಂಗ. ಒಂದೊಂದು ಸಾವಿರಗಟ್ಟಲೆ ಇಡ್ತೈತಿ. ಇಷ್ಟು ಎಲ್ಲಿಂದ ಬಂದೂವು?"

ಅಕ್ಕವ್ವ ಬಾಗಿಲಲ್ಲೇ ನಿಂತಿದ್ದಳು. ದಿನಾ ಬೆಳಗ್ಗೆ ಬೇಲಿಯ ಬುಡಕ್ಕೆ ಬರುವ ಚಿಪ್ಪನ್ನು ಕಂಡಿದ್ದ ಬೋರವ್ವ ಅವಳ ಕಡೆ ತಿರುಗಿದಳು.

"ಬೇಷ್ ಮಾಡಿದಿ ನನ್ನವ್ವಾ! ಬಸರೀನ್ನ ಆರಿಸಿ ಆರಿಸಿ ಬಾಣಂತನಕ್ಕ ನನ್ನ ಮನಿಗಿ ಕಳಿಸೀದಿ. ನನ್ನ ಗೋಡಿ ಅವಕ್ಕ ತವರುಮನಿ ಆತು. ಪುಣ್ಯೇ ನಿನಗ, ಜ್ವರ ನನ್ನ ಆಕಳಿಗಿ!"

"ನನಗ ತಿಳೀಲಿಲ್ಲ ಬೇ, ಖರೆ ಹೇಳ್ತೇನಿ."

"ತಿಳದಿದ್ರ ಬಸರ್ಯಾರಿಗಿ ಉಡಿ ತುಂಬಿ ಕುಬಸಾನೂ ಮಾಡ್ತಿದ್ದಿ!"

ಡಾಕ್ಟರು ನಗು ತಡೆದುಕೊಂಡು ಔಷಧ ಕೊಟ್ಟರು. "ಎರಡೂ ಮನಿ ದನಕ್ಕ, ಗೋಡಿಗಿ ಒಮ್ಮೆಲೇ ಹೊಡೀರಿ, ಆಯಿ. ಒಂದು ಬಿಟ್ರ ಮತ್ತ ಹತ್ತತಾವ. ಸೂಜಿಯಿಂದ ಈ ಸರ್ತಿ ಉಳದೀತು. ಮತ್ತ ಕಡದ್ರ ಈ ಜೀವ ತಡ್ಯೂದಿಲ್ಲ."

ಅಂದು ಅಕ್ಕವ್ವ ಕೂತಲ್ಲಿ ಕೂರಲಿಲ್ಲ. ಒಳಗೆ ಹೋದಳು, ಹೊರಗೆ ಬಂದಳು, ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು. ಸೊಸೆ ಉಜ್ವಲಾ ನೋಡಿ ನೋಡಿ ಸಾಕಾಗಿ, "ಅತ್ತಿಯಾರ, ನೀವು ಬಸದಿಗಿ ಹೋಗ್ರಿ. ಬರೂದ್ರಾಗ ನಾ ಹೊಡದು ಮುಗಿಸಿರ್ತೇನಿ" ಎಂದಳು.

"ನಾ ಆಕಡಿ ಮುಖ ಮಾಡಿ ಕುಂತು, ಪಾಪ ನಿನ್ನ ಪಾಲಿಗಿ ಹಚ್ಚಲೇನು? ನೀನೂ ಜೈನರ ಮಗಳ ಅದೀಯಲ್ಲ?"

ಹಾಗೆಂದರೂ ಕಾಲು ನಿಲ್ಲದೆ ಬಸದಿಗೆ ಹೋದಳು. ಮುನಿಗಳನ್ನೇ ಕೇಳಿಬಿಡೋಣವೆಂದು ಮೆಟ್ಟಿಲವರೆಗೆ ಹೋಗಿ ನಿಂತಳು. ಆಗಲಿ ಎಂದರೆ ಭಾರವೆಲ್ಲ ಅವರ ಮೇಲೆ ಹಾಕಿದ ಹಾಗೆ. ಬೇಡ ಎಂದರೆ ಬೋರವ್ವನ ಮುಖ ನೋಡುವುದು ಹೇಗೆ? ಕೇಳದೆ ತಿರುಗಿ ಬಂದಳು.

ಬೋರವ್ವ ಆಕಳ ಬೆನ್ನಿಗೆ ಒದ್ದೆ ಗೋಣಿಚೀಲ ಹೊದಿಸುತ್ತ ಕೂತಿದ್ದಳು. ಮುಖ ಎತ್ತದೆ ಕೇಳಿದಳು, "ಮತ್ತೇನರ ಬಿಡಾಕ ಬಂದೀಯೇನು?"

ಅಕ್ಕವ್ವ ಆಕಳ ಕಿವಿ ಮಡಚಿ ನೋಡಿದಳು. ಎಳ್ಳು ಚೆಲ್ಲಿದ ಹಾಗೆ ಮರಿಗಳು ಹರಿದಾಡುತ್ತಿದ್ದವು. ತಾನು ಕಾಪಾಡಿದ ಜೀವಗಳ ಮಕ್ಕಳು ಇವು. ಒಂದು ಅವಳ ಬೆರಳಿಗೇ ಹತ್ತಿತು. ಅಕ್ಕವ್ವ ಕಿವಿ ಬಿಟ್ಟು ಬೋರವ್ವನ ಕಡೆ ತಿರುಗಿದಳು.

"ಏಳ ಬೇ. ಈಗ ಹೊಡ್ಯೂಣು."

"ನಿನ್ನ ನೇಮ?"

"ಮುರೀತೈತಿ."

ಮೂಗು ಬಾಯಿಗೆ ಬಟ್ಟೆ ಕಟ್ಟಿ, ಕೈಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡು, ರವಿಕೆಯ ತೋಳು ಕೆಳಗೆಳೆದುಕೊಂಡು ಅಕ್ಕವ್ವನೇ ಔಷಧ ಹೊಡೆಯುವ ಪಂಪು ಹಿಡಿದಳು. ಬೇಲಿ ದಾಟಿ ಬಂದ ಉಜ್ವಲಾ ಕೈ ಚಾಚಿದರೂ ಕೊಡಲಿಲ್ಲ. ಮೊದಲು ಬೋರವ್ವನ ದನ, ಗೋಡೆ, ಆಮೇಲೆ ತನ್ನದು. ಉಣ್ಣಿಗಳು ಉದುರತೊಡಗಿದಾಗ ದಿನವೂ ಜಪಿಸುವ ಣಮೋಕಾರ ಮಂತ್ರ ತಾನಾಗಿ ನಾಲಿಗೆಗೆ ಬಂತು. ಅದನ್ನು ಹೇಳುವ ಬಾಯಿ ತನ್ನದಲ್ಲವೆನಿಸಿ ನುಂಗಿಕೊಂಡಳು. ಕಣ್ಣು ಮಾತ್ರ ಮುಚ್ಚಲಿಲ್ಲ.

ಆಕಳು ಉಳಿಯಿತು. ಹಾಲು ಮಾತ್ರ ಬತ್ತಿಹೋಯಿತು. ಅಂದಿನಿಂದ ಎಮ್ಮೆಯ ಮುಂಜಾನೆಯ ಹಾಲು ಬೇಲಿ ದಾಟಿ ಹೋಗುತ್ತದೆ. ಬೋರವ್ವ ತಂಬಿಗೆಯಲ್ಲಿ ಇಣುಕಿ, "ಯಾರೂ ಬಾಣಂತ್ಯಾರು ಇಲ್ಲಲ್ಲ ಇದ್ರಾಗ?" ಎನ್ನುತ್ತಾಳೆ. ಅವಳು ನಗುತ್ತಾಳೆ, ಅಕ್ಕವ್ವನಿಗೆ ನಗಲಾಗುವುದಿಲ್ಲ.

ಅವಳ ಚಡಪಡಿಕೆ ಈಗ ಬೇರೆ ದಾರಿ ಹಿಡಿದಿದೆ. ತತ್ತಿ ಇಡಲು ಜಾಗವೇ ಇರದಿದ್ದರೆ ಕೊಲ್ಲುವ ಪ್ರಸಂಗವೂ ಬರುವುದಿಲ್ಲವೆಂದು ಬೇಲಿಯ ಹುಲ್ಲು ಸವರುತ್ತಾಳೆ, ಎರಡೂ ದನದ ಮನೆಗಳ ಬಿರುಕಿಗೆ ಸುಣ್ಣ, ಮಣ್ಣು ಕಲಸಿ ತುಂಬುತ್ತಾಳೆ. ಮೊನ್ನೆ ಸಂಜೆಯೂ ಬೋರವ್ವನ ಗೋಡೆಗೆ ಅಂಟಿಕೊಂಡೇ ಇದ್ದಳು.

"ಹೊತ್ತು ಮುಳಗಾಕತ್ತೇತಿ ಬೇ, ಮುಳಗಿದ ಮ್ಯಾಲ ನೀವು ಜೈನರು ಉಣ್ಣಾಂಗಿಲ್ಲ. ಏಳಿನ್ನ" ಎಂದಳು ಬೋರವ್ವ.

"ಈ ಮೂಲ್ಯಾಗ ಇನ್ನೊಂದು ಸಂದಿ ಐತಿ."

"ನಾಳೆ ತುಂಬಿದ್ರಾತು."

"ನಾಳಿತನಕ ಅವು ಸುಮ್ಮನ ಕುಂದರ್ತಾವೇನು?" ಎಂದು ಅಕ್ಕವ್ವ ಮತ್ತೊಂದು ಹಿಡಿ ಮಣ್ಣು ತೆಗೆದುಕೊಂಡಳು.