ಕೈ ತಪ್ಪಿ ಕೊರೆದ ಹೆಸರು

ಅಂಗಡಿ ಬೀದಿ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಉಡುಗೊರೆ ಅಂಗಡಿಯ ಮೆಟ್ಟಿಲ ಪಕ್ಕ, ಕೊಡೆ ಬಿಚ್ಚಿದಷ್ಟೇ ಜಾಗದಲ್ಲಿ, ಹೆಸರು ಕೊರೆಯುವವರೊಬ್ಬರು ಮಡಚುವ ಮೇಜು ಹಾಕಿಕೊಂಡು ಕೂರುತ್ತಾರೆ. ಕೈಯಲ್ಲಿ ಪೆನ್ನಿನಂಥ ಪುಟ್ಟ ಯಂತ್ರ. ಗುಂಡಿ ಒತ್ತಿದರೆ ಜೇನುಹುಳುವಿನಂತೆ ಗುಂಯ್‌ಗುಡುತ್ತದೆ. ತಗಡಿನ ಚೂರಿನ ಮೇಲೆ ಒಮ್ಮೆ ಸೂಜಿ ಓಡಿಸಿ ನೋಡುತ್ತಾರೆ. ನಾಳೆ ಪ್ರೇಮಿಗಳ ದಿನ. ಉಳಿದ ದಿನ ಇಪ್ಪತ್ತು ಹೆಸರು ಸಿಕ್ಕರೆ ಹೆಚ್ಚು; ಇವತ್ತು ನೂರೈವತ್ತು ದಾಟುತ್ತದೆ.

ಮೊದಲ ಗಿರಾಕಿ ಹೊಸದಾಗಿ ಮದುವೆಯಾದ ಹುಡುಗಿ. ಗಂಡನಿಗೆಂದು ಕೊಂಡ ನೀರಿನ ಬಾಟಲಿ ಚಾಚಿ, "ಕೋತಿ ಅಂತ ಹಾಕಿ ಮಾಮ" ಅನ್ನುತ್ತಾಳೆ.

"ಯೋಚನೆ ಮಾಡಮ್ಮ. ಆಮೇಲೆ ಅಳಿಸೋಕೆ ಬರಲ್ಲ."

"ಅವನೂ ಬದಲಾಗೋ ಪೈಕಿ ಅಲ್ಲ ಬಿಡಿ."

ಇವರು ನಗುತ್ತ, ಒತ್ತಿಲ್ಲದ ಆ ಎರಡಕ್ಷರವನ್ನು ಸಲೀಸಾಗಿ ಕೊರೆದು ಕೊಡುತ್ತಾರೆ.

ಏನು ಕೊಡಬೇಕೆಂದು ತೋಚದವರೂ ಇವರನ್ನೇ ಕೇಳುವುದು. "ಅವಳು ದಿನಾ ಮುಟ್ಟೋ ವಸ್ತು ಯಾವುದು? ಅದನ್ನೇ ಕೊಡು" ಎಂಬುದು ಹತ್ತೊಂಬತ್ತು ವರ್ಷಗಳ ಸಲಹೆ. ಮನೆಯಲ್ಲಿ ಮಾತ್ರ ಇವರೊಬ್ಬರೇ. ಒಂದು ತಟ್ಟೆ, ಒಂದು ಲೋಟ. ಎರಡರ ಮೇಲೂ ಹೆಸರಿಲ್ಲ. "ಇದು ಯಾರ್ದು ಅಂತ ಜಗಳ ಆಡೋಕೆ ಇನ್ನೊಬ್ರು ಬೇಕಲ್ಲ?" ಎಂದು ಪತ್ರಿಕೆಗಾಗಿ ಮಾತಾಡಿಸಲು ಬಂದ ನಮ್ಮನ್ನೇ ಕೇಳುತ್ತಾರೆ.

ನಾಲ್ಕು ವರ್ಷದ ಹಿಂದೆ ಇದೇ ದಿನ ಹೆಂಡತಿಗೊಂದು ಕೈಗಡಿಯಾರ ತಂದಿದ್ದರು. ಅಂದು ಮದುವೆ ಮನೆಯವರು ಹಂಚಲೆಂದು ತಂದ ಅರವತ್ತು ಡಬ್ಬಿಗಳ ಮೇಲೆ ಬೆಳಗಿನಿಂದ ಮದುಮಗಳ ಹೆಸರೊಂದನ್ನೇ ಕೊರೆದಿದ್ದರು. ಸಂಜೆ ಗಡಿಯಾರದ ಬೆನ್ನ ಮೇಲೂ ಕೈ ಅದನ್ನೇ ಬರೆದುಬಿಟ್ಟಿತು. ಇವರು ತಿರುಗಿಸಿಯೂ ನೋಡಲಿಲ್ಲ. ಪೊಟ್ಟಣ ಬಿಚ್ಚಿದ ಹೆಂಡತಿ, "ಯಾರ್ರೀ ಇವಳು?" ಎಂದರು. ಇವರು ಬಿದ್ದು ಬಿದ್ದು ನಕ್ಕು ನಡೆದದ್ದು ಹೇಳಿದರು. ಅವರು ನಂಬಿದರು. ಅನುಮಾನಪಟ್ಟಿದ್ದರೇ ಸುಲಭವಿತ್ತೇನೋ.

"'ಇಷ್ಟು ವರ್ಷದಲ್ಲಿ ಒಂದು ಸಲನಾದ್ರೂ ನನ್ನ ಹೆಸರು ಹಿಡಿದು ಕರೆದಿದ್ದೀರಾ? ಬರೀ ಇವಳೇ, ಏ ಇವಳೇ. ಬಾಯಿಗೇ ಗೊತ್ತಿಲ್ಲದ್ದು ಕೈಗೆ ಎಲ್ಲಿಂದ ಬರುತ್ತೆ?' ಅಂದ್ಲು."

ಮರುದಿನ ತಮ್ಮ ಅಕ್ಕನ ಮನೆಗೆ ಹೋದ ಹೆಂಡತಿ ಮರಳಿಲ್ಲ. ಜಗಳವಿಲ್ಲ, ಬೈಗುಳವಿಲ್ಲ. ಫೋನ್ ಮಾಡಿದರೆ "ಊಟ ಆಯ್ತಾ?" ಎಂದು ಕೇಳಿ ಇಟ್ಟುಬಿಡುತ್ತಾರೆ.

ಈಗ ಅವರು ಕನ್ನಡಕ ಹಾಕುತ್ತಾರೆಂದು ಅಕ್ಕನಿಂದ ತಿಳಿದು, ಈ ಸಲ ಕನ್ನಡಕ ಇಡುವ ಸ್ಟೀಲಿನ ಡಬ್ಬಿ ಕೊಂಡಿದ್ದಾರೆ. ಹೆಸರು ಕೊರೆದಾಗಿದೆ: ಮೂರಕ್ಷರ, ನಡುವೆ ಒಂದು ಒತ್ತು. ಮುಗಿಸಿ ಮೂರು ಸಲ ಓದಿದ್ದಾರೆ. ನಾಳೆ, ಗಿರಾಕಿಗಳು ಮುಗಿಬೀಳುವ ದಿನವೇ, ಮೇಜು ಮಡಚಿಟ್ಟು ಮೊದಲ ಬಸ್ಸು ಹತ್ತಲಿದ್ದಾರೆ.

"ಬಾಗಿಲು ತೆಗೀತಾಳೋ ಇಲ್ವೋ. ತೆಗೆದ್ರೂ ಈ ಬಾಯಿ ಏನು ಮಾಡುತ್ತೋ! ಬೀಗ ಹಾಕುವಾಗ, ಸೊಪ್ಪು ಬಿಡಿಸುವಾಗ ಹೆಸರು ಹೇಳ್ಕೊಂಡು ಅಭ್ಯಾಸ ಮಾಡ್ತಿದ್ದೀನಿ. ಪಕ್ಕದ ಮನೆಯೋರು, ಯಾರ್ನ ಕರೀತಿದ್ದೀರಿ ಅಂತಾರೆ."

ಯಾವ ಹೆಸರು ಎಂದರೆ ಡಬ್ಬಿಯನ್ನು ಮಗುಚಿಡುತ್ತಾರೆ.

"ಪೇಪರಲ್ಲಿ ಹಾಕ್ಬೇಡಿ. ಮೊದಲು ಅವಳು ಕೇಳ್ಲಿ, ನನ್ನ ಬಾಯಿಂದ."